ಕೂಸಿನ ಬೇನೆಗೆ ದೊಡ್ಡವರ ತೋಳು

ನಿಮ್ಮ ರಕ್ತದಲ್ಲಿ, ನನ್ನ ರಕ್ತದಲ್ಲಿ, ಈ ಹೊತ್ತಿನಲ್ಲೂ ರೋಟಾವೈರಸ್ಸಿನ ನೆನಪು ಹರಿಯುತ್ತಿದೆ. ಬೆಂಗಳೂರಿನ ಬಂಗಲೆಯಲ್ಲಿ ಬೆಳೆದವರಿರಲಿ, ಬಾಗಲಕೋಟೆಯ ಹೊಲದ ಬದುವಿನಲ್ಲಿ ಆಡಿದವರಿರಲಿ, ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಭೇದಿ ತರುವ ಈ ವೈರಸ್ ಒಮ್ಮೆಯಾದರೂ ಅಂಟಿಯೇ ಇರುತ್ತದೆ. ಆ ಜಗಳ ಮುಗಿದು ಎಷ್ಟೋ ವರ್ಷವಾಗಿದೆ, ನಮಗೆ ನೆನಪಿಲ್ಲ, ಆದರೆ ಮೈ ಮರೆತಿಲ್ಲ. ದೊಡ್ಡವರಾದ ಮೇಲೆ ಅದು ನಮ್ಮನ್ನು ಕೊಲ್ಲುವುದು ತೀರಾ ಅಪರೂಪ. ಅದರ ಕಣ್ಣೇನಿದ್ದರೂ ಹಸುಗೂಸುಗಳ ಮೇಲೆ.

ಹಾಗಿದ್ದರೆ ಈ ವೈರಸ್ಸಿಗೆ ಹೊಸದೊಂದು ಚುಚ್ಚುಮದ್ದು ತಯಾರಾದಾಗ ಮೊಟ್ಟಮೊದಲ ಸೂಜಿ ಯಾರಿಗೆ? ಅದರ ಅಗತ್ಯವೇ ಇಲ್ಲದ, ಗಟ್ಟಿಮುಟ್ಟಾದ, ಹದಿನೆಂಟು ದಾಟಿದ ದೊಡ್ಡವರಿಗೆ! ಅವರಿಗೆ ಲಸಿಕೆಯಿಂದ ಲಾಭವಿಲ್ಲ. ಅವರ ರಕ್ತದಲ್ಲಿ ಮೊದಲೇ ಪ್ರತಿಕಾಯಗಳು ಇರುವುದರಿಂದ, ಲಸಿಕೆ ಕೂಸನ್ನು ಕಾಪಾಡೀತೇ ಎಂಬುದಕ್ಕೂ ಅವರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಆದರೂ ಅವರು ತೋಳು ಚಾಚುತ್ತಾರೆ. ಇದನ್ನು ತಿಳಿದಾಗ ನನಗೆ ಮೈ ಜುಮ್ಮೆಂದಿತು. ವಿಜ್ಞಾನ ಇಲ್ಲಿ ಕೇಳುತ್ತಿರುವ ಮೊದಲ ಪ್ರಶ್ನೆ ‘ಕೆಲಸ ಮಾಡುತ್ತದೆಯೇ’ ಎಂಬುದಲ್ಲ, ‘ನೋಯಿಸುತ್ತದೆಯೇ’ ಎಂಬುದು. ಆ ಪ್ರಶ್ನೆಗೆ ಮಾತು ಬಾರದ ಕೂಸು ಉತ್ತರ ಕೊಡಲಾರದು. ತೋಳು ಸೆಳೆಯುತ್ತಿದೆ, ತಲೆ ಭಾರವಾಗಿದೆ, ನಿನ್ನೆಯಿಂದ ಮೈ ಬೆಚ್ಚಗಿದೆ ಎಂದು ಬಾಯಿಬಿಟ್ಟು ಹೇಳಬಲ್ಲವರು ದೊಡ್ಡವರು ಮಾತ್ರ.

ಈ ಕಥೆಯನ್ನು ಹೇಳಲು ಪುಣೆಗಿಂತ ಒಳ್ಳೆಯ ಜಾಗವಿಲ್ಲ. ನಗರದ ಪೂರ್ವದ ಹಡಪ್ಸರದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಇದೆ. 1966ರಲ್ಲಿ ಸೈರಸ್ ಪೂನಾವಾಲಾ ಕಟ್ಟಿದ ಸಂಸ್ಥೆ. ‘ರೋಟಾಸಿಲ್’ ಎಂಬ ಬಾಯಿ ಲಸಿಕೆ ಹುಟ್ಟಿದ್ದು ಅಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಆಲ್ಬರ್ಟ್ ಕಪಿಕಿಯನ್ ತಂಡ ದನದ ರೋಟಾವೈರಸ್ಸಿಗೆ ಮನುಷ್ಯರ ರೋಟಾವೈರಸ್ಸಿನ ಹೊರಕವಚ ತೊಡಿಸಿತ್ತು. ಪುಣೆಯವರು ಆ ಬೀಜವನ್ನು ತಂದು, ಐದು ಬಗೆಯ ವೈರಸ್ಸುಗಳನ್ನು ಸೇರಿಸಿ, ನೀರಿನಂಶ ತೆಗೆದು ಪುಡಿಯಾಗಿಸಿದರು. 37 ಡಿಗ್ರಿ ಸೆಲ್ಸಿಯಸ್ಸಿನಲ್ಲಿಟ್ಟರೂ ತಿಂಗಳುಗಟ್ಟಲೆ ಕೆಡದ ಲಸಿಕೆ! ಕರೆಂಟು ಬಂದು ಹೋಗುವ ಊರುಗಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವುದು? ಆಫ್ರಿಕದ ನೈಜರ್ ದೇಶದಲ್ಲಿ ನಡೆದ ಪರೀಕ್ಷೆಯಲ್ಲಿ ಅದು ರೋಟಾವೈರಸ್ಸಿನ ತೀವ್ರ ಭೇದಿಯನ್ನು ಶೇ. 66.7ರಷ್ಟು ತಡೆಯಿತೆಂದು 2017ರಲ್ಲಿ ಪ್ರಕಟವಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆಯೂ ಬಿತ್ತು.

ಇನ್ನು ಭೀಮಾ ತೀರದ ವಢೂ ಎಂಬ ಹಳ್ಳಿ. ವಿಜಯಪುರ, ಕಲಬುರಗಿ, ಯಾದಗಿರಿಗಳನ್ನು ಹಾದು ಕೃಷ್ಣೆಯನ್ನು ಸೇರುವ ನಮ್ಮ ಭೀಮೆಯೇ. ಮರಾಠಾ ದೊರೆ ಶಂಭಾಜಿಯ ಸಮಾಧಿ ಇರುವ ಊರೆಂದು ಮರಾಠಿಗರಿಗೆ ಅದು ಪವಿತ್ರ. ಲಸಿಕೆಯ ಲೋಕಕ್ಕೂ ಅದು ಗೊತ್ತು, ಏಕೆಂದರೆ ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರ ಅಲ್ಲಿ ಬೇರು ಬಿಟ್ಟಿದೆ. ಭಾರತದ್ದೇ ಆದ ‘ರೋಟಾವ್ಯಾಕ್’ ಲಸಿಕೆಯ ದೊಡ್ಡ ಪರೀಕ್ಷೆ ದೆಹಲಿ, ವೆಲ್ಲೂರು ಮತ್ತು ಪುಣೆಯ ಈ ಭಾಗದಲ್ಲಿ 6,799 ಕೂಸುಗಳ ಮೇಲೆ ನಡೆಯಿತು. ವಾರ ವಾರವೂ ಕಾರ್ಯಕರ್ತರು ಪ್ರತಿ ಕುಟುಂಬವನ್ನು ವಿಚಾರಿಸಿದರು. ಭೇದಿಯಾಯಿತೇ, ಎಷ್ಟು ಸಲ, ವಾಂತಿ ಉಂಟೇ, ಜ್ವರ ಎಷ್ಟು? ಇವತ್ತು ನಮ್ಮ ಅಂಗನವಾಡಿಯಲ್ಲಿ ಕೂಸಿನ ಬಾಯಿಗೆ ಬೀಳುವ ಹನಿಗಳ ಹಿಂದೆ ಇಂಥ ಸಾವಿರಾರು ಹೊಸ್ತಿಲುಗಳಿವೆ.

ಹನಿಗಳೇ ಇರುವಾಗ ಸೂಜಿ ಏಕೆ ಬೇಕು?

ಇದಕ್ಕೆ ಉತ್ತರ ನೋವಿನದು. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಈ ವೈರಸ್ಸನ್ನು ಕಂಡರು. ಅಂದಿನಿಂದ ಅದರ ಬೆನ್ನು ಹತ್ತಿದ್ದೇವೆ. ಮೂರು ಪದರದ ಕವಚ, ಒಳಗೆ ಹನ್ನೊಂದು ತುಂಡು ಆರ್‌ಎನ್‌ಎ, ಹೊರಗೆ ಅರವತ್ತು ಮುಳ್ಳು. ನೂರರಷ್ಟು ಕಣಗಳು ಹೊಟ್ಟೆಗೆ ಹೋದರೂ ಸಾಕು, ಬೇನೆ ಹಿಡಿಯುತ್ತದೆ. ರೋಗಿಯ ಒಂದು ಗ್ರಾಂ ಮಲದಲ್ಲಿ ನೂರು ಶತಕೋಟಿಗೂ ಹೆಚ್ಚು ಕಣಗಳಿರಬಲ್ಲವು! ಸಾಬೂನು, ಶುದ್ಧ ನೀರು ಎಲ್ಲವೂ ಬೇಕು, ಆದರೆ ಈ ಲೆಕ್ಕದ ಮುಂದೆ ಅಷ್ಟೇ ಸಾಲದು. ಲಸಿಕೆ ಬರುವ ಮುಂಚೆ ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳನ್ನು ಇದು ಬಲಿ ತೆಗೆದುಕೊಳ್ಳುತ್ತಿತ್ತೆಂದು ಅಂದಾಜು. ಆಸ್ಪತ್ರೆ ಸೇರುತ್ತಿದ್ದ ಮಕ್ಕಳು 8 ಲಕ್ಷಕ್ಕೂ ಮೇಲೆ.

ಬಾಯಿ ಲಸಿಕೆ ಈ ಸಾವುಗಳನ್ನು ಇಳಿಸಿತು. ಆದರೆ ಒಂದೇ ಹನಿ ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಕೆಲಸ ಮಾಡಲಿಲ್ಲ. ಶ್ರೀಮಂತ ದೇಶಗಳಲ್ಲಿ ಶೇ. 85ಕ್ಕೂ ಹೆಚ್ಚು ರಕ್ಷಣೆ ಕೊಟ್ಟ ಲಸಿಕೆ ಮಲಾವಿಯಲ್ಲಿ ಶೇ. 49.4ಕ್ಕೆ ಇಳಿಯಿತು. ನಮ್ಮ ರೋಟಾವ್ಯಾಕ್ ಕೂಡ ಸುಮಾರು ಅರ್ಧದಷ್ಟೇ. ಬಡ ಮನೆಯ ಕೂಸಿನ ಕರುಳು ಹುಟ್ಟಿದಂದಿನಿಂದ ಬಗೆಬಗೆಯ ಸೂಕ್ಷ್ಮಜೀವಿಗಳೊಡನೆ ಹೋರಾಡುತ್ತಿರುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನೂ ಹೊಡೆದು ಹಾಕುತ್ತವೆ. ಪಕ್ಕದಲ್ಲೇ ಪೋಲಿಯೊ ಹನಿಯ ಪೈಪೋಟಿ ಬೇರೆ. ಯಾರಿಗೆ ಲಸಿಕೆ ಹೆಚ್ಚು ಬೇಕೋ ಅವರಲ್ಲೇ ಅದು ಸೋಲುತ್ತದೆ. ಇದನ್ನು ಸಹಿಸಿಕೊಂಡು ಕೂರುವುದು ನನಗಂತೂ ಆಗದು, ಆ ವಿಜ್ಞಾನಿಗಳಿಗೂ ಆಗಲಿಲ್ಲ.

ಕರುಳಿನ ದಾರಿ ಬಿಟ್ಟುಬಿಟ್ಟರೆ? ತೋಳಿನ ಸ್ನಾಯುವಿನ ಮೂಲಕ ರಕ್ತಕ್ಕೇ ಪಾಠ ಹೇಳಿಕೊಟ್ಟರೆ?

ಇಲ್ಲಿಂದ ಕಥೆ ಅದ್ಭುತವಾಗುತ್ತದೆ. ರೋಟಾವೈರಸ್ಸಿನ ಆ ಮುಳ್ಳನ್ನು ನಮ್ಮದೇ ಜೀರ್ಣರಸದ ಟ್ರಿಪ್ಸಿನ್ ಎರಡಾಗಿ ಸೀಳುತ್ತದೆ. ಸೀಳಿದ ಮೇಲೇ ವೈರಸ್ಸಿಗೆ ಪೂರ್ಣ ಬಲ! ಆ ಮುಳ್ಳಿನ ತುದಿಯ ಹೆಸರು ವಿಪಿ8. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಈ ತುದಿಯಿಂದ ಸುಮಾರು 160 ಅಮೈನೊ ಆಮ್ಲಗಳ ತುಣುಕನ್ನಷ್ಟೇ ಆರಿಸಿಕೊಂಡರು. ಅದಕ್ಕೆ ಧನುರ್ವಾಯು ವಿಷದ ಪಿ2 ಎಂಬ ಪುಟ್ಟ ಭಾಗವನ್ನು ಜೋಡಿಸಿದರು. ಅದು ವಿಷವಲ್ಲ, ರೋಗನಿರೋಧಕ ಟಿ ಜೀವಕೋಶಗಳನ್ನು ಎಚ್ಚರಿಸುವ ತುಣುಕು ಮಾತ್ರ. ಇದನ್ನು ತಯಾರಿಸಿದ್ದು ಯಾರು ಗೊತ್ತೇ? ಇ. ಕೋಲೈ ಬ್ಯಾಕ್ಟೀರಿಯ. ಕರುಳಿನ ವೈರಸ್ಸಿಗೆ ಮದ್ದು ಮಾಡಲು ಕರುಳಿನದೇ ಬ್ಯಾಕ್ಟೀರಿಯದ ದುಡಿಮೆ! ಇದರಲ್ಲಿ ಜೀವಂತ ವೈರಸ್ಸಿಲ್ಲ, ಸತ್ತ ವೈರಸ್ಸೂ ಇಲ್ಲ, ಮುಳ್ಳಿನ ತುದಿ ಮಾತ್ರ. ಅದು ಅಲ್ಯೂಮಿನಿಯಂ ಲವಣಕ್ಕೆ ಅಂಟಿಕೊಂಡು ಸಿರಿಂಜಿಗೆ ಬರುತ್ತದೆ.

ಮೊದಲ ಪರೀಕ್ಷೆ ಅಮೆರಿಕದಲ್ಲಿ ನಡೆಯಿತು. 18ರಿಂದ 45 ವಯಸ್ಸಿನ 48 ಜನ. ಮೊದಲ ಗುಂಪಿಗೆ 10 ಮೈಕ್ರೊಗ್ರಾಂ, ಅವರು ಚೆನ್ನಾಗಿದ್ದಾರೆಂದು ಖಾತ್ರಿಯಾದ ಮೇಲೆ ಮುಂದಿನ ಗುಂಪಿಗೆ 30, ಆಮೇಲೆ 60. ಪ್ರತಿಯೊಬ್ಬರಿಗೂ ನಾಲ್ಕು ವಾರದ ಅಂತರದಲ್ಲಿ ಮೂರು ಚುಚ್ಚುಮದ್ದು. ಪ್ರತಿ ಗುಂಪಿನಲ್ಲೂ ಕೆಲವರಿಗೆ ಲಸಿಕೆಯ ಬದಲು ಉಪ್ಪುನೀರಿನ ದ್ರಾವಣ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಅವರನ್ನು ತಪಾಸಣೆ ಮಾಡುವ ವೈದ್ಯರಿಗೂ ಗೊತ್ತಿಲ್ಲ. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಮೈಗಳು ಲಸಿಕೆಯನ್ನು ಚೆನ್ನಾಗಿ ತಾಳಿಕೊಂಡವು ಎಂದಿತ್ತು, ಪ್ರತಿಕಾಯಗಳೂ ಏರಿದ್ದವು.

ಇಂಥ ಪರೀಕ್ಷೆಯ ಸಣ್ಣಪುಟ್ಟ ಜಾಣತನಗಳನ್ನು ನೋಡಬೇಕು! ಅಲ್ಯೂಮಿನಿಯಂ ಇರುವ ಲಸಿಕೆ ಬೆಳ್ಳಗೆ ಮೋಡಮೋಡವಾಗಿರುತ್ತದೆ, ಉಪ್ಪುನೀರು ತಿಳಿಯಾಗಿರುತ್ತದೆ. ಕಣ್ಣಿಗೆ ಬಿದ್ದರೆ ಗುಟ್ಟು ರಟ್ಟು. ಅದಕ್ಕೇ ಸಿರಿಂಜನ್ನು ತುಂಬುವವರೇ ಬೇರೆ, ಒಳಗಿನದು ಕಾಣದಂತೆ ಸಿರಿಂಜಿಗೆ ಪಟ್ಟಿ ಸುತ್ತಿರುತ್ತದೆ, ಆಮೇಲೆ ತೋಳನ್ನು ಪರೀಕ್ಷಿಸುವವರು ಇನ್ನೂ ಬೇರೆ. ಚುಚ್ಚಿದ ಮೇಲೆ ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ, ಅಲ್ಲೇ ಕೂರಿಸಿ ಕಾಯುತ್ತಾರೆ. ಥರ್ಮಾಮೀಟರು, ಊತ ಅಳೆಯುವ ಸ್ಕೇಲು, ದಿನಚರಿಯ ಕಾರ್ಡು ಮನೆಗೆ ಹೋಗುತ್ತವೆ. ಕೆಂಪಾಗಿದ್ದರೆ ಎಷ್ಟು ಅಗಲ, ನೋವಿದ್ದರೆ ಕೈ ಎತ್ತಲು ಆಗುತ್ತದೆಯೇ ಇಲ್ಲವೇ, ಎಲ್ಲಕ್ಕೂ ದರ್ಜೆ ಉಂಟು. ರಕ್ತ ತೆಗೆದು ಯಕೃತ್ತು, ಮೂತ್ರಪಿಂಡಗಳ ಕ್ಷೇಮವನ್ನೂ ವಿಚಾರಿಸುತ್ತಾರೆ. ಒಬ್ಬ ಮನುಷ್ಯನ ಸಣ್ಣ ಮೈಕೈ ನೋವನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟುಕೊಳ್ಳುವ ಬೇರೊಂದು ಕೆಲಸ ನನಗೆ ಗೊತ್ತಿಲ್ಲ.

ಭಾರತದಲ್ಲಾದರೆ ಇದಕ್ಕೆಲ್ಲ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಾವಳಿಯ ಕಾವಲಿದೆ. ಔಷಧ ಮಹಾನಿಯಂತ್ರಕರ ಅನುಮತಿ, ನೀತಿ ಸಮಿತಿಯ ಒಪ್ಪಿಗೆ, ಸಾರ್ವಜನಿಕ ದಾಖಲಾತಿ, ಇವಿಲ್ಲದೆ ಸೂಜಿ ಅಲುಗಾಡುವಂತಿಲ್ಲ. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿಯಾಗಬೇಕು. ಎಲ್ಲಕ್ಕಿಂತ ಮುಖ್ಯ, ಒಪ್ಪಿಗೆಯ ಹಾಳೆ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಕ್ಕಲಕೋಟೆಯ ಕಡೆಯಿಂದ ಪುಣೆಗೆ ಬಂದು ನೆಲೆಸಿದ, ಕನ್ನಡ ಮಾತ್ರ ಓದಬಲ್ಲ ಒಬ್ಬರ ಮುಂದೆ ಬೇರೆ ಭಾಷೆಯ ಹಾಳೆ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ ಅಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಇಷ್ಟೊಂದು ಎಚ್ಚರ ಏಕೆಂದರೆ, ಒಮ್ಮೆ ಪೆಟ್ಟು ತಿಂದಾಗಿದೆ. 1998ರಲ್ಲಿ ಅಮೆರಿಕದಲ್ಲಿ ಬಂದ ರೋಟಾಶೀಲ್ಡ್ ಎಂಬ ಬಾಯಿ ಲಸಿಕೆಯಿಂದ ಸುಮಾರು ಹತ್ತು ಸಾವಿರಕ್ಕೆ ಒಂದು ಕೂಸಿನಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸರಿದು ಸಿಕ್ಕಿಕೊಂಡಿತು. ಮರುವರ್ಷವೇ ಅದನ್ನು ಹಿಂದೆಗೆದರು. ಹತ್ತು ಸಾವಿರಕ್ಕೆ ಒಂದು ಎಂಬುದು 48 ಜನರಲ್ಲಿ ಕಾಣುವುದಿಲ್ಲ, ನಿಜ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು: ಮೊದಲು ದೊಡ್ಡವರು, ಆಮೇಲೆ ನಡೆದಾಡುವ ಮಕ್ಕಳು, ಆಮೇಲೆ ಕೂಸುಗಳು, ಕೊನೆಗೆ ಸಾವಿರಾರು. ಚುಚ್ಚುಮದ್ದಿನ ಇನ್ನೊಂದು ಆಸೆಯೂ ಇಲ್ಲೇ ಇತ್ತು. ಕರುಳಿನಲ್ಲಿ ಬೆಳೆಯುವ ವೈರಸ್ಸೇ ಇಲ್ಲದಿದ್ದರೆ ಈ ಭಯವೂ ಇರಲಾರದು.

ಸುರಕ್ಷಿತವಾದದ್ದೆಲ್ಲ ಸಮರ್ಥವಾಗಿರಬೇಕೆಂದೇನಿಲ್ಲ. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡಕ್ಕೆ ಬೆಂಗಳೂರಿನ ನವಜಾತ ಶಿಶುಗಳಲ್ಲಿ ವಿಚಿತ್ರವಾದ ರೋಟಾವೈರಸ್ ಸಿಕ್ಕಿತ್ತು. ಕೂಸುಗಳಿಗೆ ಸೋಂಕಿತ್ತು, ಭೇದಿ ಇರಲಿಲ್ಲ! ಐ321 ಎಂದು ಹೆಸರಿಟ್ಟ ಅದರ ಹೊರಕವಚದ ಪ್ರೋಟೀನುಗಳು ದನದ ವೈರಸ್ಸನ್ನು ಹೋಲುತ್ತಿದ್ದವು. ರೋಗ ತರದ ವೈರಸ್ಸೆಂದರೆ ನಿಸರ್ಗವೇ ಮಾಡಿಕೊಟ್ಟ ಲಸಿಕೆಯಲ್ಲವೇ? ದೆಹಲಿಯ ಏಮ್ಸ್‌ನಲ್ಲಿ ಎಂ. ಕೆ. ಭಾನ್ ತಂಡಕ್ಕೆ ಸಿಕ್ಕ 116ಇ ಜೊತೆಗೆ ಇದನ್ನೂ ಕೂಸುಗಳಲ್ಲಿ ಪರೀಕ್ಷಿಸಿದರು. ಬೆಂಗಳೂರಿನದು ಹಿಂದೆ ಬಿತ್ತು, ದೆಹಲಿಯದು ಗೆದ್ದು ರೋಟಾವ್ಯಾಕ್ ಆಯಿತು. ಆದರೂ ನಮ್ಮ ಊರಿನ ತೊಟ್ಟಿಲುಗಳಿಂದ ಬಂದ ಆ ವೈರಸ್ಸನ್ನು ನೆನೆದರೆ ನನಗೆ ಹೆಮ್ಮೆಯೇ.

ಇತ್ತ ಆ ಮುಳ್ಳಿನ ತುದಿಯ ಚುಚ್ಚುಮದ್ದು ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅಲ್ಲಿನ ಪರೀಕ್ಷೆಯ ಚತುರತೆ ಕೇಳಿ. ಚುಚ್ಚುಮದ್ದು ಪಡೆದ ಕೂಸುಗಳಿಗೆ ಆಮೇಲೆ ಬಾಯಿ ಲಸಿಕೆ ಕೊಟ್ಟು, ಅದರ ವೈರಸ್ ಮಲದಲ್ಲಿ ಕಾಣಿಸುತ್ತದೆಯೇ ಎಂದು ನೋಡಿದರು. ಕಡಿಮೆಯಾಗಿತ್ತು! ತೋಳಿಗೆ ಕೊಟ್ಟ ಮದ್ದು ಕರುಳನ್ನು ಮುಟ್ಟಿತ್ತು. ಮೂರು ಬಗೆಯ ಮುಳ್ಳುತುದಿ ಸೇರಿಸಿ 2019ರಲ್ಲಿ ಘಾನಾ, ಮಲಾವಿ, ಝಾಂಬಿಯಾಗಳಲ್ಲಿ ಬಾಯಿ ಲಸಿಕೆಯ ಎದುರು ದೊಡ್ಡ ಪರೀಕ್ಷೆಗೆ ಇಳಿಸಿದರು. 2022ರಲ್ಲಿ ನಡುವೆಯೇ ಲೆಕ್ಕ ಹಾಕಿದಾಗ, ಹನಿಗಿಂತ ಅದು ಮೇಲಾಗುವುದಿಲ್ಲವೆಂದು ಕಂಡು ನಿಲ್ಲಿಸಿದರು. ಮುಂದಿನ ಬಾಗಿಲಲ್ಲಿ ಎಷ್ಟೇ ಪಹರೆ ಇಟ್ಟರೂ ಕಳ್ಳ ಬರುವುದು ಹಿತ್ತಿಲಿನಿಂದ. ರಕ್ತದಲ್ಲಿ ತುಂಬಿದ ಪ್ರತಿಕಾಯ ಕರುಳಿನ ಗೋಡೆಗೆ ಸಾಕಷ್ಟು ತಲುಪಲೇ ಇಲ್ಲವೇನೋ. ಓದಿದಾಗ ಎದೆ ಭಾರವಾಯಿತು, ಆದರೆ ನಿಲ್ಲಿಸಿದವರ ಪ್ರಾಮಾಣಿಕತೆಗೆ ಕೈಮುಗಿಯಬೇಕು.

ಹುಡುಕಾಟ ನಿಂತಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿ ಬಾವೊಮಿಂಗ್ ಜಿಯಾಂಗ್ ತಂಡ ಬೇರೆ ದಾರಿ ಹಿಡಿದಿದೆ. ತುದಿಯೊಂದನ್ನೇ ಅಲ್ಲ, ಇಡೀ ವೈರಸ್ಸನ್ನೇ ಬಿಸಿಯಿಂದ ಕೊಂದು ಚುಚ್ಚುವುದು. ಮುಳ್ಳು, ಕವಚ, ಒಳಪದರ ಎಲ್ಲವನ್ನೂ ಮೈಗೆ ಒಟ್ಟಿಗೆ ತೋರಿಸುವ ಯೋಚನೆ. ಚರ್ಮಕ್ಕೆ ಅಂಟಿಸುವ ಸೂಕ್ಷ್ಮಸೂಜಿಗಳ ಪಟ್ಟಿಯಲ್ಲೂ ಅದನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದ್ದಾರೆ. ನಮ್ಮ ಕೂಸುಗಳಿಗೆ ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಪೆಂಟಾವಲೆಂಟ್ ಚುಚ್ಚುಮದ್ದು ಹೇಗೂ ಇದೆ, ಅದೇ ದಿನಗಳಲ್ಲೇ ರೋಟಾ ಹನಿಯೂ ಬೀಳುತ್ತದೆ. ಚುಚ್ಚುವ ರೋಟಾ ಲಸಿಕೆ ಗೆದ್ದರೆ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಜೊತೆಗೆ ಈ ಭೇದಿಗೂ ಅದೇ ಸಿರಿಂಜಿನಲ್ಲಿ ಜಾಗ ಸಿಗಬಹುದು.