ಕುಕ್ಕರ್ ಇಲ್ಲದೆ ಬಸಿದ ಅನ್ನ

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಮುದ್ದೆ ಮುಗಿದ ಮೇಲೆ ಒಂದು ಹಿಡಿ ಅನ್ನ ಬೇಕೇ ಬೇಕು. ಅದನ್ನ ಪಾತ್ರೆಯಲ್ಲೇ ಬಸಿದು ಮಾಡಿ ನೋಡಿ.

1 ಲೋಟ ಸೋನಾ ಮಸೂರಿ ತೊಳೆದು 20 ನಿಮಿಷ ನೆನೆಸಿ. ಅಗಲವಾದ ಪಾತ್ರೆಯಲ್ಲಿ 6 ಲೋಟ ನೀರು ಎಸರಿಗಿಡಿ. ಎಸರು ಚೆನ್ನಾಗಿ ಮರಳಿದ ಮೇಲೇ ಅಕ್ಕಿ ಹಾಕಿ.

ಈಗ ಗಮನಿಸಿ. ನಮ್ಮ ಬೆಂಗಳೂರು ಗ್ರಾಮಾಂತರ ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ನೀರು 100 ಡಿಗ್ರಿ ಮುಟ್ಟೋದೇ ಇಲ್ಲ, ಸುಮಾರು 97ಕ್ಕೇ ಕುದಿಯುತ್ತೆ. ಅದೇ ಅಕ್ಕಿ ಮಂಗಳೂರಿನಲ್ಲಿ ಬೇಯೋದಕ್ಕಿಂತ ಇಲ್ಲಿ ತುಸು ಹೆಚ್ಚು ಹೊತ್ತು ಬೇಕು. ಉರಿ ಜೋರು ಮಾಡಿದರೆ ಕುದಿಯೋ ನೀರಿನ ಬಿಸಿ ಏರಲ್ಲ, ನೀರು ಬೇಗ ಬತ್ತುತ್ತೆ ಅಷ್ಟೇ.

ಒಂದು ಅಗುಳು ತೆಗೆದು ಹಿಸುಕಿ. ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಯಲಿ. ಚುಕ್ಕೆ ಮಾಯವಾದ ಕೂಡಲೇ ಮುಚ್ಚಳ ಒತ್ತಿ ಹಿಡಿದು ಗಂಜಿ ಬಸಿಯಿರಿ. ಬಸ್ಸಾರು ಮಾಡೋ ಕೈಗೆ ಇದೇನೂ ಹೊಸದಲ್ಲ! ಮತ್ತೆ ಸಣ್ಣ ಉರಿಯಲ್ಲಿ 2 ನಿಮಿಷ ಇಟ್ಟು, ಒಲೆ ಆರಿಸಿ, 10 ನಿಮಿಷ ಮುಚ್ಚಿಡಿ.

ಗಂಜಿ ಮಾತ್ರ ಚೆಲ್ಲಬೇಡಿ. ಅಕ್ಕಿಯಲ್ಲಿರೋ ಬಿ ವಿಟಮಿನ್‌ಗಳಲ್ಲಿ ಒಂದು ಪಾಲು ಅದಕ್ಕೇ ಇಳಿದಿರುತ್ತೆ. ಆರಿದ ಮೇಲೆ ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಿರಿ.