ಜಗದ್ಗುರುವಿನ ಆಯ್ಕೆ

'ಜಗದ್ಗುರು' ಎಂಬ ಮಾತು ಕಿವಿಗೆ ಬಿದ್ದರೆ ಮರಳಿ, ಗಂಗಾವತಿಗಳ ಕಡೆಯ ನಮ್ಮಂಥವರ ಮನಸ್ಸು ಮಠದತ್ತ ತಿರುಗುವುದು ಸಹಜ. ಅದೇ ಮಾತನ್ನು ಕನ್ನಡದ ಕಥೋಲಿಕ ಕ್ರೈಸ್ತರು ರೋಮಿನ ಪೋಪರಿಗೆ ಬಳಸುತ್ತ ಬಂದಿದ್ದಾರೆ. ಬಿಷಪ್ಪರು ಅವರಿಗೆ ಧರ್ಮಾಧ್ಯಕ್ಷರು. ಮಾಸ್ ಎಂಬುದು ಬಲಿಪೂಜೆ. ಈ ಪದಗಳು ನಮಗೆ ಪರಕೀಯವೆನಿಸುವುದಿಲ್ಲ. ಕುಷ್ಟಗಿಗೆ ದೂರವಲ್ಲದ ಮುದಗಲ್ಲು ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರ ನೆಲೆಯಲ್ಲವೆ?

ಪದ ಒಂದೇ ಆದರೂ ಪೀಠಕ್ಕೇರುವ ದಾರಿ ಮಾತ್ರ ಬೇರೆ. ನಮ್ಮ ಮಠಗಳಲ್ಲಿ ಬಹುಮಟ್ಟಿಗೆ ಹಿರಿಯ ಸ್ವಾಮಿಗಳೇ ತಮ್ಮ ಜೀವಿತಕಾಲದಲ್ಲಿ ಮರಿಯನ್ನು ಗುರುತಿಸುತ್ತಾರೆ, ಭಕ್ತರು ಒಪ್ಪುತ್ತಾರೆ. ಪೋಪರಿಗೆ ಈ ಅಧಿಕಾರವಿಲ್ಲ. ಉತ್ತರಾಧಿಕಾರಿಯನ್ನು ಅವರು ಹೆಸರಿಸುವಂತಿಲ್ಲ. ಆದರೆ ಅವನನ್ನು ಆರಿಸುವವರನ್ನು ನೇಮಿಸಬಹುದು. ನನಗೆ ಇದು ಹೆಚ್ಚು ಸೂಕ್ಷ್ಮವಾದ ಅಧಿಕಾರವೆಂದು ತೋರುತ್ತದೆ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸರು ತೀರಿಕೊಂಡ ಮೇಲೆ ಮತ ಹಾಕಲು ಸೇರಿದ 133 ಮಂದಿ ಕಾರ್ಡಿನಲ್ಲರಲ್ಲಿ 108 ಮಂದಿ ಅವರೇ ನೇಮಿಸಿದವರು.

ಹಾಗಾದರೆ ಬಿಷಪ್ಪರಿಗೆ ಮತವಿಲ್ಲವೆ? ಇಲ್ಲ. ಎಂಬತ್ತು ತುಂಬದ ಕಾರ್ಡಿನಲ್ಲರಿಗೆ ಮಾತ್ರ ಮತ. ವಯಸ್ಸಿನ ಈ ಮಿತಿಯನ್ನು 1970ರಲ್ಲಿ ಆರನೆಯ ಪೌಲರು ವಿಧಿಸಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿವೆ. ಬಳ್ಳಾರಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಪ್ರಾಂತ್ಯಕ್ಕೆ ಸೇರಿದ್ದು. ಈ ಇಬ್ಬರಲ್ಲಿ ಯಾರೂ 2025ರಲ್ಲಿ ಮತದಾರರಾಗಿರಲಿಲ್ಲ. ಅವರಿಗೆ ಉಳಿದದ್ದು ಪ್ರಾರ್ಥನೆ, ನಿರೀಕ್ಷೆ, ಒಂದಿಷ್ಟು ಊಹೆ. ಆ ಊಹೆಯನ್ನಾದರೂ ಗಟ್ಟಿಯಾಗಿ ಆಡುವಂತಿಲ್ಲ. ಮತಕ್ಕಾಗಿ ಒಪ್ಪಂದ, ವಾಗ್ದಾನಗಳನ್ನು ಮಾಡಿಕೊಳ್ಳಬಾರದೆಂದು 1996ರಲ್ಲಿ ಎರಡನೆಯ ಜಾನ್ ಪೌಲರು ಕಾರ್ಡಿನಲ್ಲರಿಗೆ ಕಟ್ಟುನಿಟ್ಟು ಮಾಡಿದ್ದಾರೆ. ಅದರ ನೆರಳು ಬಿಷಪ್ಪರ ಮೇಲೂ ಬಿದ್ದಿದೆ ಎನ್ನಬೇಕು: ಪತ್ರಿಕೆಯವರು ಕೇಳಿದಾಗ ಅವರು ಹೆಸರು ಹೇಳುವುದು ಅಪರೂಪ, ಗುಣವನ್ನು ಹೇಳುತ್ತಾರೆ. 'ಬಡವರ ನೋವು ಬಲ್ಲವರು', 'ಕುರುಬನ ಮನಸ್ಸಿನವರು' ಎಂಬ ಮಾತುಗಳ ಹಿಂದೆ ಯಾವ ಮುಖವಿದೆಯೆಂದು ಊಹಿಸುವುದು ಓದುಗರ ಪಾಲಿನ ಸುಖ.

ಬೆಂಗಳೂರಿನ ಹೆಸರು ಈ ಚರಿತ್ರೆಯಲ್ಲಿ ಬಾರದೆ ಇಲ್ಲ, ಬಂದದ್ದು ಮಾತ್ರ ವಿಚಿತ್ರವಾಗಿ. 1968ರಿಂದ 1971ರವರೆಗೆ ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದ ಸೈಮನ್ ಲೂರ್ದುಸ್ವಾಮಿಯವರು ಅನಂತರ ರೋಮಿಗೆ ಹೋಗಿ 1985ರಲ್ಲಿ ಕಾರ್ಡಿನಲ್ಲರಾದರು. ಹದಿನೆಂಟು ವರ್ಷಕ್ಕೂ ಮೇಲೆ ಅವರ ಕೈಯಲ್ಲಿ ಮತವಿತ್ತು, ಚುನಾವಣೆ ಬರಲಿಲ್ಲ. 2004ರ ಫೆಬ್ರವರಿಯಲ್ಲಿ ಅವರಿಗೆ ಎಂಬತ್ತು ತುಂಬಿತು. ಜಾನ್ ಪೌಲರು ತೀರಿಕೊಂಡದ್ದು 2005ರ ಏಪ್ರಿಲ್‌ನಲ್ಲಿ!

2025ರಲ್ಲಿ ಭಾರತದಿಂದ ನಾಲ್ವರು ಮತದಾರರಿದ್ದರು: ಗೋವೆಯ ಫಿಲಿಪ್ ನೇರಿ ಫೆರಾವ್, ಕೇರಳದ ಬಸೇಲಿಯೋಸ್ ಕ್ಲೀಮಿಸ್ ಮತ್ತು ಜಾರ್ಜ್ ಕೂವಕ್ಕಾಡ್, ಹೈದರಾಬಾದಿನ ಆಂತೊನಿ ಪೂಲ. ನಮ್ಮ ಸೀಮೆಗೆ ಹತ್ತಿರದವರು ಪೂಲ ಅವರೇ ಎಂದು ನಾನು ಭಾವಿಸುತ್ತೇನೆ. ಹೈದರಾಬಾದು 1956ರವರೆಗೆ ನಮ್ಮೆಲ್ಲರ ರಾಜಧಾನಿ. ಅವರ ಹುಟ್ಟು ಜಿಲ್ಲೆ ಕರ್ನೂಲು. ನಮ್ಮ ಗದ್ದೆಗಳಿಗೆ ನೀರುಣಿಸುವ ತುಂಗಭದ್ರೆ ಹರಿದು ಹೋಗುವುದು ಆ ಊರಿನ ಮಗ್ಗುಲಲ್ಲೇ. 2022ರಲ್ಲಿ ಅವರು ಕಾರ್ಡಿನಲ್ಲರಾದಾಗ ದಲಿತ ಸಮುದಾಯದಿಂದ ಆ ಪದವಿಗೇರಿದ ಮೊದಲಿಗರಾದರು. ಪರಿಶಿಷ್ಟ ಜಾತಿಗಳ ಬಗೆಗಿನ 1950ರ ರಾಷ್ಟ್ರಪತಿ ಆದೇಶದ ಸವಲತ್ತು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತ ದಲಿತರಿಗೆ ವಿಸ್ತರಿಸಲಿಲ್ಲ. ಇತ್ತ ಚರ್ಚಿನ ಒಳಗೂ ಜಾತಿ ಸತ್ತಿಲ್ಲ. ಹೊರಗೂ ಒಳಗೂ ಹೀಗೆ ಬಾಗಿಲು ಮುಚ್ಚಿಸಿಕೊಂಡವರ ಪೈಕಿ ಒಬ್ಬರು ಪೋಪರನ್ನು ಆರಿಸುವ ಕೋಣೆಯಲ್ಲಿ ಕುಳಿತಿದ್ದರೆಂಬುದು ಕೇವಲ ಅಲಂಕಾರದ ಸಂಗತಿಯಲ್ಲ.

ಆ ಕೋಣೆಗೆ ಬೀಗ ಹಾಕುವ ಪದ್ಧತಿಗೆ ಒಂದು ರಂಜಕವಾದ ಹಿನ್ನೆಲೆಯುಂಟು. 1268ರಿಂದ 1271ರವರೆಗೆ ವಿತೆರ್ಬೋ ಎಂಬ ಊರಿನಲ್ಲಿ ಕಾರ್ಡಿನಲ್ಲರು ಒಮ್ಮತಕ್ಕೆ ಬಾರದೆ ಕುಳಿತೇ ಇದ್ದರು. ಬೇಸತ್ತ ಊರಿನವರು ಅವರನ್ನು ಒಳಗೆ ಕೂಡಿ, ಊಟ ಕಡಿಮೆ ಮಾಡಿ, ಕೊನೆಗೆ ಅರಮನೆಯ ಮಾಡನ್ನೂ ತೆಗೆಸಿದರಂತೆ. ಹಾಗೆ ಆಯ್ಕೆಯಾದ ಹತ್ತನೆಯ ಗ್ರೆಗೊರಿ 1274ರಲ್ಲಿ ಬೀಗವನ್ನೇ ನಿಯಮ ಮಾಡಿದರು. ಈಗಲೂ ಮತಪತ್ರವನ್ನು ಗುರುತು ಸಿಗದ ಅಕ್ಷರದಲ್ಲಿ ಬರೆಯಬೇಕು. ಎಣಿಕೆಯ ವೇಳೆ 'ಆರಿಸುತ್ತೇನೆ' ಎಂಬ ಲ್ಯಾಟಿನ್ ಪದದ ಮೇಲೆ ಸೂಜಿ ಚುಚ್ಚಿ ಎಲ್ಲ ಚೀಟಿಗಳನ್ನೂ ದಾರದಲ್ಲಿ ಪೋಣಿಸುತ್ತಾರೆ, ಹೂ ಕಟ್ಟಿದ ಹಾಗೆ, ಆಮೇಲೆ ಸುಡುತ್ತಾರೆ. ಗೆಲ್ಲಲು ಮೂರರಲ್ಲಿ ಎರಡು ಪಾಲು, ಆ ಸಲ 89 ಮತ, ಬೇಕು.

ನಮ್ಮ ಕಡೆಯ ಕ್ರೈಸ್ತರಿಗೆ ಇನ್ನೊಂದು ಆಸೆ. ಎರಡನೆಯ ಜಾನ್ ಪೌಲರು 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದಿದ್ದರು. 1999ರಲ್ಲಿ ದೆಹಲಿಗೆ ಬಂದರು. ಫ್ರಾನ್ಸಿಸರು 2017ರಲ್ಲಿ ಮ್ಯಾನ್ಮಾರ್, ಬಾಂಗ್ಲಾದೇಶಗಳವರೆಗೆ ಬಂದರೂ ಭಾರತಕ್ಕೆ ಬರಲಾಗಲಿಲ್ಲ. ಹೊಸಬರಾದರೂ ಬಂದಾರೆಯೆ ಎಂಬ ನಿರೀಕ್ಷೆ ಇರುವುದು ಇದರಿಂದಲೇ. ಪತ್ರಿಕೆಗಳು ಇಟಲಿಯ ಪರೋಲಿನ್, ಫಿಲಿಪ್ಪೀನ್ಸಿನ ತಾಗ್ಲೆ ಎಂದು ಹೆಸರಿಡುತ್ತಿದ್ದಾಗ, ಮೇ 8ರಂದು, ಎರಡನೆಯ ದಿನವೇ, ರಾಬರ್ಟ್ ಪ್ರಿವೋಸ್ಟ್ ಹದಿನಾಲ್ಕನೆಯ ಲಿಯೊ ಎಂಬ ಹೆಸರಿನಿಂದ ಹೊರಬಂದರು. ಅಮೆರಿಕದಲ್ಲಿ ಹುಟ್ಟಿ ಪೆರು ದೇಶದಲ್ಲಿ ಧರ್ಮಾಧ್ಯಕ್ಷರಾಗಿ ದುಡಿದವರು. ಅಗಸ್ಟೀನ್ ಸಭೆಯ ಮುಖ್ಯಸ್ಥರಾಗಿದ್ದಾಗ ಕೇರಳವನ್ನು ಕಂಡವರು.

ಬಲಿಪೂಜೆಯ ಮುಖ್ಯ ಪ್ರಾರ್ಥನೆಯಲ್ಲಿ ಗುರುಗಳು ಎರಡು ಹೆಸರು ಹೇಳುತ್ತಾರೆ: ಮೊದಲು ಜಗದ್ಗುರುವಿನದು, ಬಳಿಕ ಆ ಸೀಮೆಯ ಧರ್ಮಾಧ್ಯಕ್ಷರದು. ಪೀಠ ಬರಿದಾಗಿರುವಾಗ ಮೊದಲನೆಯದನ್ನು ಬಿಟ್ಟುಬಿಡುವುದು ನಿಯಮ. ಏಪ್ರಿಲ್ 21ರಿಂದ ಮೇ 8ರವರೆಗೆ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಹೇಳಬೇಕಾದದ್ದು ಹೆನ್ರಿ ಡಿಸೋಜ ಎಂಬ ಒಂದೇ ಹೆಸರು. ಆಯ್ಕೆಯಾದ ಮೇಲೆ ಅದರ ಮುಂದೆ ಲಿಯೊ ಎಂಬುದು ಸೇರಿತು.