ಗ್ರೇಲಿಸ್ಟಿಂಗ್
ಗ್ರೇಲಿಸ್ಟಿಂಗ್ ಎಂಬುದು ಸ್ಪ್ಯಾಮ್, ಅಂದರೆ ಅನಪೇಕ್ಷಿತ ಮಿಂಚಂಚೆಗಳನ್ನು ತಡೆಯುವ ಒಂದು ವಿಧಾನ. 2003ರಲ್ಲಿ ಇವಾನ್ ಹ್ಯಾರಿಸ್ ಇದನ್ನು ಪ್ರತಿಪಾದಿಸಿದರು. ಸ್ವೀಕರಿಸುವ ಸರ್ವರ್, ಕಳುಹಿಸುವ ಸರ್ವರಿನ ಐಪಿ ವಿಳಾಸ, ಕಳುಹಿಸಿದವರ ವಿಳಾಸ ಮತ್ತು ಪಡೆಯುವವರ ವಿಳಾಸ ಎಂಬ ಮೂರನ್ನು ಒಟ್ಟಾಗಿ ನೋಡುತ್ತದೆ. ಈ ತ್ರಿಕ ಹೊಸದಾಗಿದ್ದರೆ 451ರಂತಹ ತಾತ್ಕಾಲಿಕ ದೋಷಸಂಖ್ಯೆ ನೀಡಿ, ಅನಂತರ ಪ್ರಯತ್ನಿಸುವಂತೆ ತಿಳಿಸುತ್ತದೆ. ನಿಯಮಬದ್ಧ ಸರ್ವರ್ ಪತ್ರವನ್ನು ಸರದಿಯಲ್ಲಿಟ್ಟು ಮರಳಿ ಕಳುಹಿಸುತ್ತದೆ. ಅಸಂಖ್ಯ ವಿಳಾಸಗಳಿಗೆ ಒಮ್ಮೆಲೇ ಪತ್ರ ಎರಚುವ ಸ್ಪ್ಯಾಮ್ ತಂತ್ರಾಂಶಗಳಲ್ಲಿ ಅನೇಕವು ಆ ಗೋಜಿಗೆ ಹೋಗುವುದಿಲ್ಲ. ಪತ್ರದ ಒಕ್ಕಣೆಯನ್ನು ಓದದೆಯೇ ಜರಡಿ ಹಿಡಿಯುವುದು ಇದರ ಹೆಚ್ಚುಗಾರಿಕೆ.

ತೊಡಕು ವಿಳಂಬದ್ದು. ತಡೆ ಐದೇ ನಿಮಿಷಗಳದ್ದಾದರೂ ಮರುಯತ್ನದ ವೇಳೆಯನ್ನು ನಿರ್ಧರಿಸುವುದು ಕಳುಹಿಸುವ ಸರ್ವರ್. ಎಸ್‌ಎಂಟಿಪಿ ನಿಯಮಾವಳಿಯು ಕನಿಷ್ಠ 30 ನಿಮಿಷಗಳ ಅಂತರವನ್ನು ಸೂಚಿಸುತ್ತದೆ. ಉದಾಹರಣೆಗೆ, ಉತ್ತರ ಭಾರತದ ಹೊಸ ಖರೀದಿದಾರನೊಬ್ಬ ತಿಪಟೂರಿನ ಕೊಬ್ಬರಿ ವರ್ತಕನಿಗೆ ಬರೆದ ಮೊದಲ ಪತ್ರವು ಅಂದಿನ ಹರಾಜು ಮುಗಿದ ಮೇಲೆ ತಲುಪಬಹುದು. ಕೆಲವೇ ನಿಮಿಷ ಚಾಲ್ತಿಯಲ್ಲಿರುವ ಒಟಿಪಿಯಂತೂ ನಿರುಪಯುಕ್ತವಾದೀತು. ದೊಡ್ಡ ಸಂಸ್ಥೆಗಳ ಮರುಯತ್ನ ಬೇರೆ ಐಪಿಯಿಂದ ಬಂದರೆ ತ್ರಿಕವು ಮತ್ತೆ ಹೊಸದೆನಿಸಿ ತಡ ಇನ್ನೂ ಬೆಳೆಯುತ್ತದೆ. ಆದ್ದರಿಂದ ಪರಿಚಿತ ಸರ್ವರುಗಳನ್ನು ಮೊದಲೇ ಶ್ವೇತಪಟ್ಟಿಗೆ ಸೇರಿಸುವ ರೂಢಿಯಿದೆ. ಒಮ್ಮೆ ತೇರ್ಗಡೆಯಾದ ತ್ರಿಕಕ್ಕೆ ಹ್ಯಾರಿಸ್ ಸೂಚಿಸಿದ್ದ ವಿನಾಯಿತಿ 36 ದಿನಗಳದ್ದು.